ಬಂಡಾಯದ ಚಿತ್ರಕ್ಕೆ ಹೆಜ್ಜೆ ಕೊಟ್ಟವಳು

ಸಿನಿಮಾದಲ್ಲಿ ನಾಯಕ ಮೆಟ್ಟಿಲಿಳಿಯುವಾಗ ಕೇಳಿಸುವ ಸದ್ದು ನಾಯಕನ ಕಾಲಿನದಲ್ಲ. ಅವನು ನಡೆದಿರುತ್ತಾನೆ, ನಿಜ. ಆದರೆ ಅವನು ನಡೆಯುವಾಗ ಪಕ್ಕದಲ್ಲಿ ಜನರೇಟರ್ ಗುರುಗುಟ್ಟುತ್ತಿರುತ್ತದೆ, ಯಾರೋ ಕೆಮ್ಮುತ್ತಿರುತ್ತಾರೆ, ನಿರ್ದೇಶಕರು ಯಾರದೋ ಜನ್ಮ ಜಾಲಾಡುತ್ತಿರುತ್ತಾರೆ. ಅದನ್ನೆಲ್ಲ ಅಳಿಸಿ ಹಾಕಿ, ಆಮೇಲೆ ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಬೇರೆ ಯಾರೋ ಪರದೆ ನೋಡುತ್ತ ನಿಂತಲ್ಲೇ ನಡೆದು ಆ ಹೆಜ್ಜೆಗಳನ್ನು ಕೂಡಿಸಬೇಕು. ಸ್ಟುಡಿಯೋದವರು ಇದನ್ನು ಎಫೆಕ್ಟ್ಸ್ ಎನ್ನುತ್ತಾರೆ. ಇಪ್ಪತ್ತಾರು ವರ್ಷ ಈ ಕೆಲಸ ಮಾಡಿದವಳನ್ನು ಎಲ್ಲರೂ ಹೆಜ್ಜೆಯಕ್ಕ ಎಂದೇ ಕರೆಯುತ್ತಿದ್ದರು. ಗಿಡ್ಡನೆಯ, ಮೈಕೈ ತುಂಬಿಕೊಂಡ ಹೆಂಗಸು. ಮನೆಯಿಂದ ಬಸ್ ನಿಲ್ದಾಣಕ್ಕೆ ನಡೆಯುವುದರೊಳಗೆ ಏದುಸಿರು ಬಿಡುವವಳು, ಪರದೆಯ ಮುಂದೆ ನಿಂತರೆ ರಾಜನೂ ಅವಳೇ, ರಾಜನನ್ನು ಕೊಲ್ಲಲು ಬಂದವನೂ ಅವಳೇ.

ಅವಳ ಕೋಣೆಯ ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಅರವತ್ತು ಜೊತೆ ಪಾದರಕ್ಷೆಗಳಿದ್ದವು. ಲಾಳ ಹೊಡೆದ ಬೂಟು, ಹಿಮ್ಮಡಿ ಸವೆದ ಷೂ, ಪಟ್ಟಿ ಕಿತ್ತುಹೋದ ರಬ್ಬರ್ ಚಪ್ಪಲಿ. ನೆಲದಲ್ಲಿ ಚೌಕಾಕಾರದ ಗುಂಡಿಗಳು: ಒಂದರಲ್ಲಿ ಮರಳು, ಒಂದರಲ್ಲಿ ಜಲ್ಲಿ, ಒಂದರಲ್ಲಿ ಒಣ ಎಲೆ, ಒಂದರಲ್ಲಿ ಬರೀ ಸಿಮೆಂಟು. ಜನರ ಮುಖ ಅವಳಿಗೆ ಅಷ್ಟಾಗಿ ನೆನಪಿರುತ್ತಿರಲಿಲ್ಲ, ನಡಿಗೆ ಮಾತ್ರ ಒಮ್ಮೆ ಕೇಳಿದರೆ ಮುಗಿಯಿತು. ಬಾಗಿಲು ಅರ್ಧ ತೆರೆದಿಟ್ಟು ಕೂತು, ಕಾರಿಡಾರಿನಲ್ಲಿ ಬರುತ್ತಿರುವವರು ಯಾರು, ಯಾವ ಕಾಲಿಗೆ ನೋವು, ಇವತ್ತು ಮನೆಯಲ್ಲಿ ಜಗಳವಾಡಿ ಬಂದಿದ್ದಾರೋ ಇಲ್ಲವೋ ಎಂದು ಹೇಳಿಬಿಡುತ್ತಿದ್ದಳು. ಹುಡುಗರು ಒಂದು ಲೋಟ ಚಹಾಕ್ಕೆ ಪಂಥ ಕಟ್ಟಿ ಸೋಲುತ್ತಿದ್ದರು. ಅವಳಿಗೆ ಅದರಲ್ಲಿ ಬಹಳ ಹೆಮ್ಮೆ. ಹೆಮ್ಮೆಪಡಲು ಅವಳಿಗೆ ಬೇರೇನೂ ಇರಲಿಲ್ಲ ಎಂಬುದನ್ನೂ ಹೇಳಬೇಕು. ಅವಳ ಹೆಸರು ಯಾವ ಚಿತ್ರದ ಪರದೆಯ ಮೇಲೂ ಬಂದದ್ದಿಲ್ಲ.

ಅವಳನ್ನು ಈ ಕೆಲಸಕ್ಕೆ ತಂದವನು ದೀಪದಣ್ಣ. ಸ್ಟುಡಿಯೋದ ಲೈಟ್‌ಮನ್‌ಗಳಿಗೆಲ್ಲ ಹಿರಿಯ. ಗಂಡ ತೀರಿಕೊಂಡು ಏನು ಮಾಡಲೂ ತೋಚದೆ ಕೂತಿದ್ದಾಗ ಪಕ್ಕದ ಮನೆಯವನಾಗಿದ್ದ ಅವನು ಅವಳನ್ನು ಕರೆದುಕೊಂಡು ಬಂದು, "ನನ್ನ ತಂಗಿ, ಕೆಲಸ ಕೊಡಿ" ಎಂದಿದ್ದ. ರಕ್ತಸಂಬಂಧವೇನೂ ಇರಲಿಲ್ಲ. ಅಂದಿನಿಂದ ಅವಳು ಅವನಿಗೆ ಅಣ್ಣ ಎಂದಳು, ಅವನ ಹೆಂಡತಿಗೆ ಅತ್ತಿಗೆ ಎಂದಳು, ಅವನ ಮಗಳು ಇವಳನ್ನು ಅತ್ತೆ ಎಂದು ಕರೆಯುತ್ತಲೇ ಬೆಳೆದಳು. ಹದಿನೈದು ವರ್ಷದ ಹಿಂದೆ ಮೇಲಿನ ಅಟ್ಟಣೆಯಿಂದ ಬಿದ್ದು ದೀಪದಣ್ಣನ ಬಲಮಂಡಿ ಮಡಚದಂತಾಯಿತು. ಆ ಕಾಲನ್ನು ಒಂದಿಷ್ಟು ಎಳೆದು, ಎಡಗಾಲ ಮೇಲೆ ಭಾರ ಬಿಟ್ಟು ನಡೆಯುತ್ತಿದ್ದ.

ಮಗಳು ಪ್ರೀತಿಸಿ ಮದುವೆಯಾದದ್ದು ಸ್ಟುಡಿಯೋ ಮ್ಯಾನೇಜರ ಕಾರಿನ ಡ್ರೈವರನ್ನು. ದೀಪದಣ್ಣ ಒಂದು ವರ್ಷ ಮುಖ ಗಂಟು ಹಾಕಿಕೊಂಡೇ ಇದ್ದ. ಮ್ಯಾನೇಜರ ಉಪ್ಪು ತಿನ್ನುವವನು ನನ್ನ ಮನೆಗೆ ಅಳಿಯನೇ ಎಂದು ಕಂಡಕಂಡವರ ಹತ್ತಿರ ಗೊಣಗಿದ. ಆದರೆ ಡ್ರೈವರ್ ಮಾತು ಕಡಿಮೆಯ ಹುಡುಗ, ಮಾವ ಎಷ್ಟು ಚುಚ್ಚಿದರೂ ನಕ್ಕು ಸುಮ್ಮನಾಗುತ್ತಿದ್ದ. ನಿಧಾನವಾಗಿ ರಜೆಯ ದಿನ ಇಬ್ಬರೂ ಕೂತು ಕೇರಂ ಆಡುವಷ್ಟು ಸಲಿಗೆ ಬೆಳೆಯಿತು.

ಆಗಲೇ ಆ ದೊಡ್ಡ ಚಿತ್ರ ಬಂದದ್ದು. ಮುಂದೆಂದೋ ಬರುವ ಕಾಲದ ಕಥೆ. ಅಲ್ಲಿ ಜನರಿಗೆ ಹೆಸರಿಲ್ಲ, ನಂಬರುಗಳಿವೆ. ಊರಿನ ನೆಲದ ತುಂಬ ಯಂತ್ರ ಹೂತಿಟ್ಟಿದ್ದಾರೆ, ಯಾರು ಎಲ್ಲಿ ಕಾಲಿಟ್ಟರೂ ನೆಲಕ್ಕೆ ಗೊತ್ತಾಗುತ್ತದೆ, ನೆಲ ಸರ್ಕಾರಕ್ಕೆ ಹೇಳುತ್ತದೆ. ಒಬ್ಬ ಕಸ ಗುಡಿಸುವವನು ಒಂದು ದಿನ ಸರ್ಕಾರಿ ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ನಡೆಯುತ್ತಾನೆ, ನೆಲಕ್ಕೆ ಅವನ ಗುರುತು ಸಿಕ್ಕುವುದಿಲ್ಲ. ಕೊನೆಗೆ ಇಡೀ ಊರೇ ಬೂಟು ಬಿಚ್ಚುತ್ತದೆ. ನಿರ್ದೇಶಕರು ಕಥೆ ಹೇಳಿದಾಗ ಹೆಜ್ಜೆಯಕ್ಕ, ಅದಕ್ಕೆ ಯಂತ್ರ ಯಾಕೆ, ನನ್ನನ್ನು ಕೂರಿಸಿದರೆ ಸಾಕಲ್ಲ ಎಂದು ನಗೆಯಾಡಿದಳು. ಎಲ್ಲರೂ ನಕ್ಕರು. ನಿರ್ದೇಶಕರೂ ನಕ್ಕರು.

ಈ ನಿರ್ದೇಶಕರನ್ನು ಎಲ್ಲರೂ ದೊಡ್ಡವರು ಎನ್ನುತ್ತಿದ್ದರು. ಸ್ವಾತಂತ್ರ್ಯದ ಬಗ್ಗೆ ಅವರು ಮಾತಿಗೆ ನಿಂತರೆ ಕೇಳಿದವರ ಕಣ್ಣು ಒದ್ದೆಯಾಗಬೇಕು, ಹಾಗೆ ಮಾತಾಡುತ್ತಿದ್ದರು. ಅವರ ಕಥೆ ಹೊರಗೆ ಹೋಗಬಾರದೆಂದು ಗೇಟಿನಲ್ಲೇ ಎಲ್ಲರ ಫೋನು ಕಸಿದು ಚೀಲಕ್ಕೆ ಹಾಕಿದರು. ಕುತ್ತಿಗೆಗೆ ನಂಬರಿನ ಬಿಲ್ಲೆ ನೇತು ಹಾಕಿದರು. ಮೂರು ಜನ ಒಟ್ಟಿಗೆ ನಿಂತು ಮಾತಾಡಕೂಡದು, ಶೌಚಕ್ಕೆ ಹೋದರೆ ಹೋದ ಹೊತ್ತು ಬಂದ ಹೊತ್ತು ಬರೆಸಬೇಕು. ಚಿತ್ರದ ಸರ್ವಾಧಿಕಾರಿಗೆಂದು ಕಂಬಕ್ಕೆ ಕಟ್ಟಿದ್ದ ಧ್ವನಿವರ್ಧಕದಲ್ಲೇ, ಊಟ ಸಾಕು ಎದ್ದು ಬನ್ನಿ ಎಂದು ಕೆಲಸಗಾರರನ್ನು ಕರೆಯುತ್ತಿದ್ದರು. ಒಂದರ ಮೇಲೊಂದು ಪಾಳಿ, ನಡುವೆ ಮಲಗಲು ಹೊತ್ತಿಲ್ಲ. ದೊಡ್ಡವರಿಗೆ ಇದರಲ್ಲಿ ಏನೂ ತಪ್ಪು ಕಾಣಲಿಲ್ಲ. ಅಷ್ಟು ಒಳ್ಳೆಯ ಚಿತ್ರ ಮಾಡುವಾಗ ಒಂದಿಷ್ಟು ಕಷ್ಟಪಡಬಾರದೇ ಎಂದು ಅವರು ನಿಜವಾಗಿಯೂ ನಂಬಿದ್ದರು. ಅಂಥವರ ಹತ್ತಿರ ಜಗಳವಾಡುವುದು ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ.

ಮೂರನೆಯ ಪಾಳಿಯಲ್ಲಿ, ನಿಂತಲ್ಲೇ ತೂಕಡಿಸುತ್ತ ಕಾವಲು ಗೋಪುರಕ್ಕೆ ಬಣ್ಣ ಹೊಡೆಯುತ್ತಿದ್ದ ಪೇಂಟರ್ ಒಬ್ಬ ಮೇಲಿಂದ ಬಿದ್ದ. ಬೆನ್ನುಮೂಳೆ ಮುರಿಯಿತು. ಕುಡಿದು ಬಂದಿದ್ದ ಎಂದು ಮ್ಯಾನೇಜರು ಬರೆದು ಕೈತೊಳೆದುಕೊಂಡರು. ಆ ಮನುಷ್ಯ ಜನ್ಮದಲ್ಲಿ ಕುಡಿದವನಲ್ಲ. ಕೆಲಸಗಾರರ ಹೊಟ್ಟೆ ಉರಿಯಿತು. ಹತ್ತು ದಿನ ಕಳೆದು, ಪತ್ರಿಕೆಯವರು ಈ ಸ್ವಾತಂತ್ರ್ಯದ ಚಿತ್ರದ ಬಗ್ಗೆ ಬರೆಯಲು ಬರುವ ದಿನವೇ, ಊಟದ ಹೊತ್ತಿನಲ್ಲಿ ದೊಡ್ಡವರ ಕೋಣೆಯ ಬಾಗಿಲಿಗೆ ಒಂದು ಕಾಗದ ಅಂಟಿಕೊಂಡಿತ್ತು. ಪೇಂಟರನ ಆಸ್ಪತ್ರೆಯ ಖರ್ಚು ಕೊಡಿ, ಅವನು ಕುಡಿದಿದ್ದ ಎಂಬ ಸುಳ್ಳು ಹಿಂತೆಗೆದುಕೊಳ್ಳಿ, ಎರಡು ಪಾಳಿಯ ನಡುವೆ ನಿದ್ದೆಗೆ ಬಿಡಿ. ಕೆಳಗೆ ಹೆಸರಿರಲಿಲ್ಲ. ಪತ್ರಿಕೆಯವರು ಒಬ್ಬರ ಹಿಂದೊಬ್ಬರು ಅದನ್ನು ಓದಿದರು. ದೊಡ್ಡವರ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು ಎಂದು ನೋಡಿದವರು ಹೇಳಿದರು.

ಈಗ ಹೆಜ್ಜೆಯಕ್ಕನ ಕೆಲಸದ ಒಂದು ಗುಟ್ಟು ಹೇಳಬೇಕು. ಯಾರೂ ಇಲ್ಲದ ಜಾಗಕ್ಕೂ ಅದರದೇ ಒಂದು ಸದ್ದಿರುತ್ತದೆ. ಖಾಲಿ ಆಸ್ಪತ್ರೆಯ ಮೌನ ಬೇರೆ, ಖಾಲಿ ಜೈಲಿನ ಮೌನ ಬೇರೆ. ಸಿನಿಮಾದಲ್ಲಿ ಯಾರೂ ಮಾತಾಡದ ಕಡೆ ಈ ಮೌನವನ್ನು ಹಾಕದಿದ್ದರೆ ನೋಡುವವರಿಗೆ ಕಿವಿ ಮುಚ್ಚಿಕೊಂಡಂತಾಗುತ್ತದೆ. ಚಿತ್ರದ ಜೈಲಿಗೆ ಒಂದು ಉದ್ದನೆಯ ಕಾರಿಡಾರಿನ ಮೌನ ಬೇಕಿತ್ತು. ದೊಡ್ಡವರ ಕೋಣೆಯ ಮುಂದಿನ ಕಾರಿಡಾರು ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಆ ದಿನ ಊಟದ ಹೊತ್ತು ಎಲ್ಲರೂ ಹೊರಟ ಮೇಲೆ ಅವಳು ಅಲ್ಲಿ ಮೈಕು ಇಟ್ಟಳು, ಯಂತ್ರ ಚಾಲೂ ಮಾಡಿದಳು, ಹತ್ತು ನಿಮಿಷ ಸಾಕಿದ್ದದ್ದನ್ನು ನಿಲ್ಲಿಸಲು ಮರೆತು ಊಟಕ್ಕೆ ಹೋದಳು. ಮರಳಿ ಬಂದು, ಕೇಳಿಯೂ ನೋಡದೆ, ಜೈಲಿನ ಮೌನ ಎಂದು ಚೀಟಿ ಬರೆದು ಒಪ್ಪಿಸಿಬಿಟ್ಟಳು.

ಮೂರು ದಿನ ಬಿಟ್ಟು ಮ್ಯಾನೇಜರು ಅವಳ ಕೋಣೆಗೆ ಬಂದರು. ಇಪ್ಪತ್ತಾರು ವರ್ಷದಲ್ಲಿ ಅವರು ಆ ಹೊಸ್ತಿಲು ತುಳಿದದ್ದು ಅದೇ ಮೊದಲು. ತಾವೇ ಚಹಾ ತರಿಸಿದರು. ನಾಯಕ ಕದ್ದು ಓಡಾಡುವ ದೃಶ್ಯಕ್ಕೆ ದೊಡ್ಡವರು ಒಂದು ನಡಿಗೆ ಇಷ್ಟಪಟ್ಟಿದ್ದಾರೆ, ಎಲ್ಲಿಯದೋ ಏನೋ, ಅದನ್ನು ಹಾಗೇ ಮಾಡಲು ನಿಮ್ಮೊಬ್ಬರಿಗೇ ಸಾಧ್ಯವಂತೆ ಎಂದರು. ಕಿವಿಗೆ ಹೆಡ್‌ಫೋನ್ ಕೊಟ್ಟರು. ಹೊಗಳಿಕೆ ಕೇಳಿ ರೂಢಿಯಿಲ್ಲದವರಿಗೆ ಅದು ಬೇಗ ತಲೆಗೇರುತ್ತದೆ. ಹೆಜ್ಜೆಯಕ್ಕ ಕಣ್ಣು ಮುಚ್ಚಿ, ಮೈಯೆಲ್ಲ ಕಿವಿಯಾಗಿ ಕೂತಳು.

"ಇದು ನಟನೆ ಅಲ್ಲ ಸಾರ್," ಎಂದಳು. "ಬಲಗಾಲು ಮಡಚ್ತಾ ಇಲ್ಲ. ಕೈಯಲ್ಲಿ ಏನೋ ಡಬ್ಬಿ ಇದೆ, ಅದಕ್ಕೇ ಎಡಗಡೆ ವಾಲ್ತಾ ಇದೆ. ಹೆದರಿಕೊಂಡು ನಡೀತಿರೋರಲ್ಲ, ಅವಸರ ಅಷ್ಟೇ." ಆಮೇಲೆ ಮುಖವರಳಿಸಿ, "ಅಯ್ಯೋ, ಇದು ನಮ್ಮ ದೀಪದಣ್ಣ ಅಲ್ವಾ. ಇವರ ನಡಿಗೆ ಎಲ್ಲಿಂದ ಹಿಡಿದ್ರಿ ಸಾರ್?" ಎಂದಳು.

ಮ್ಯಾನೇಜರು ಖಚಿತವೇ ಎಂದು ಕೇಳಿದರು. ಪಂಥ ಕಟ್ಟುತ್ತೀರಾ ಎಂದು ಅವಳು ನಕ್ಕಳು.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ದೀಪದಣ್ಣನ ನಂಬರು ರದ್ದಾಗಿತ್ತು. ಮೂವತ್ತೈದು ವರ್ಷ ಕೆಲಸ ಮಾಡಿದ ಮನುಷ್ಯ ಊಟದ ಡಬ್ಬಿ ಹಿಡಿದು ರಸ್ತೆಯಲ್ಲಿ ನಿಂತ. ಮ್ಯಾನೇಜರ ಕಾರು ಅವನ ಪಕ್ಕದಲ್ಲೇ ಒಳಗೆ ಹೋಯಿತು, ಓಡಿಸುತ್ತಿದ್ದವನು ಅಳಿಯ. ಸಂಜೆಯೊಳಗೆ ಊರಿನ ಉಳಿದ ಸ್ಟುಡಿಯೋಗಳಿಗೂ ಫೋನು ಹೋಗಿ, ಎಲ್ಲಿಯೂ ಅವನಿಗೆ ಕೆಲಸವಿಲ್ಲ ಎಂದಾಯಿತು. ಸುದ್ದಿ ಕೇಳಿದಾಗ ಹೆಜ್ಜೆಯಕ್ಕ ಒಂದು ಕಾಲಿಗೆ ಬೂಟು ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದಿದ್ದಳು. ಆ ಹೆಜ್ಜೆ ಕಾರಿಡಾರಿನಲ್ಲಿ ತಾನೇ ಇಟ್ಟ ಮೈಕಿಗೆ ಸಿಕ್ಕದ್ದೆಂದೂ, ಡಬ್ಬಿ ಯಾವುದೆಂದೂ ಅವಳಿಗೆ ಆಗ ಹೊಳೆಯಿತು. ಗೋಂದಿನದು. ತನ್ನ ನಾಲಿಗೆಯನ್ನು ಕಿತ್ತು ಬಿಸಾಡಬೇಕು ಅನ್ನಿಸಿತು.

ಸುಮ್ಮನೇ ಕೂರಲಿಲ್ಲ ಎನ್ನುವುದನ್ನು ಅವಳ ಪರವಾಗಿ ಹೇಳಬೇಕು. ಅದೇ ಮಧ್ಯಾಹ್ನ ಮ್ಯಾನೇಜರ ಮುಂದೆ ಹೋಗಿ ಹಸಿ ಸುಳ್ಳು ಹೇಳಿದಳು. ಆ ನಡಿಗೆ ದೀಪದಣ್ಣನದಲ್ಲ, ನನ್ನದು, ಅವನ ಹಾಗೆ ನಡೆದು ಅಭ್ಯಾಸ ಮಾಡುತ್ತಿದ್ದೆ, ಕಾಗದ ಅಂಟಿಸಿದವಳೂ ನಾನೇ ಎಂದಳು. ನಂಬದಿದ್ದರೆ ನೋಡಿ ಎಂದು ಸವೆದ ಚಪ್ಪಲಿಯೊಂದನ್ನು ಮೆಟ್ಟಿಕೊಂಡು ಅವರ ಕೋಣೆಯ ಈ ತುದಿಯಿಂದ ಆ ತುದಿಗೆ ಬಲಗಾಲೆಳೆದು ನಡೆದಳು. ಕಣ್ಣು ಮುಚ್ಚಿ ಕೇಳಿದವರು ದೀಪದಣ್ಣನೇ ಬಂದ ಎನ್ನಬೇಕು, ಹಾಗೆ. ಆಗ ಒಳಬಾಗಿಲು ತೆರೆದು ದೊಡ್ಡವರು ಬಂದರು. ಇನ್ನೊಮ್ಮೆ ನಡೆಯಿರಿ ಎಂದರು. ನಡೆದಳು. ಮತ್ತೊಮ್ಮೆ ಎಂದರು. ಅವರ ಕಣ್ಣು ತುಂಬಿ ಬಂತು.

"ಇದೇ," ಎಂದರು ದೊಡ್ಡವರು. "ನಾನು ಹುಡುಕ್ತಾ ಇದ್ದ ನಡಿಗೆ ಇದೇ. ಕೊನೇ ದೃಶ್ಯದಲ್ಲಿ ನಾಯಕ ಏಟು ತಿಂದು ಬರಿಗಾಲಲ್ಲಿ ನಡೀತಾನಲ್ಲ, ಅಲ್ಲಿಗೆ ಇದನ್ನ ಹಾಕಿ."

ಅವಳು ದೀಪದಣ್ಣನ ಮಾತೆತ್ತಿದಳು. ದೊಡ್ಡವರು ಆಗಲೇ ಒಳಗೆ ಹೋಗಿದ್ದರು. ಮ್ಯಾನೇಜರು ಮಾತ್ರ, ಇಬ್ಬರೂ ಸೇರಿ ಮಾಡಿದ್ದು ಎಂದು ಬರೆಯಬೇಕೋ, ಕೆಲಸಕ್ಕೆ ಹೋಗುತ್ತೀರೋ ಎಂದು ಮೆಲ್ಲಗೆ ಕೇಳಿದರು. ಹೆಜ್ಜೆಯಕ್ಕ ಕೆಲಸಕ್ಕೆ ಹೋದಳು. ಅವಳಿಗೆ ಐವತ್ತನಾಲ್ಕು ವರ್ಷ, ಮಕ್ಕಳಿಲ್ಲ, ಬೇರೆ ವಿದ್ಯೆ ಬರದು. ಇವೆಲ್ಲ ನಾನು ಕೊಡುವ ಕಾರಣಗಳು. ಅವಳು ಹೆದರಿದಳು, ಅಷ್ಟೇ. ಸಿಮೆಂಟಿನ ಚೌಕದಲ್ಲಿ ಬರಿಗಾಲಲ್ಲಿ ನಿಂತು, ಪರದೆಯ ಮೇಲಿನ ಆ ಚೆಲುವ ನಾಯಕನಿಗೆ ದೀಪದಣ್ಣನ ಹೆಜ್ಜೆಗಳನ್ನು ಒಂದೊಂದಾಗಿ ಕೊಟ್ಟಳು. ಅಷ್ಟು ಚೆನ್ನಾಗಿ ಅವಳು ಯಾವ ಕೆಲಸವನ್ನೂ ಮಾಡಿರಲಿಲ್ಲ. ಅದಕ್ಕಾಗಿ ತನ್ನ ಮೇಲೆಯೇ ಅಸಹ್ಯಪಟ್ಟಳು.

ದೀಪದಣ್ಣನ ಮನೆಯ ಕಡೆ ಎಂಟು ತಿಂಗಳು ಹೋಗಲಿಲ್ಲ. ಅಷ್ಟು ಹೊತ್ತಿಗೆ ಅವರು ಬಾಡಿಗೆ ಕಡಿಮೆಯೆಂದು ಊರಿನ ಇನ್ನೊಂದು ತುದಿಗೆ ಹೋಗಿದ್ದರು, ಅದೇ ಅವಳಿಗೆ ನೆಪವಾಯಿತು. ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ, ಹೋಗಿ ಎಲ್ಲ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಲೇ ದಿನ ದೂಡಿದಳು.

ಚಿತ್ರ ಬಿಡುಗಡೆಯಾಯಿತು. ಜನ ಮುಗಿಬಿದ್ದರು. ಹೆಜ್ಜೆಯಕ್ಕ ಟಿಕೆಟ್ ಕೊಂಡು ಹಿಂದಿನ ಸಾಲಿನಲ್ಲಿ ಕೂತು ನೋಡಿದಳು. ಕೊನೆಯಲ್ಲಿ ಎಲ್ಲ ಸದ್ದೂ ನಿಂತು ಬರೀ ಆ ಕುಂಟು ಹೆಜ್ಜೆ ಚಿತ್ರಮಂದಿರದ ತುಂಬ ಕೇಳಿಸಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಕೂತಿದ್ದ ಹುಡುಗಿ ಬಿಕ್ಕುತ್ತಿದ್ದಳು. ಒಂದು ಪತ್ರಿಕೆಯಂತೂ, ಆ ನಡಿಗೆಯಲ್ಲಿ ತುಳಿತಕ್ಕೊಳಗಾದವರ ಇತಿಹಾಸವೇ ಇದೆ ಎಂದು ಬರೆಯಿತು. ದೊಡ್ಡವರು ಸಂದರ್ಶನದಲ್ಲಿ, ಅದು ತಮಗೆ ಧ್ಯಾನದಲ್ಲಿ ಹೊಳೆದದ್ದು ಎಂದರು. ದೀಪದಣ್ಣ ಇದನ್ನು ನೋಡಿದರೆ ಏನು ಗತಿ ಎಂದು ಅವಳು ಹೆದರಿದಳು. ಬೇರೆಯವರ ಬಾಯಿಂದ ಗೊತ್ತಾಗುವ ಮೊದಲು ತಾನೇ ಹೇಳಬೇಕೆಂದು ಮುಂದಿನ ಭಾನುವಾರ ಬೆಳಿಗ್ಗೆ ಹೊರಟಳು.

ಹೊಸ ಮನೆ ಒಂದೇ ಕೋಣೆಯದು. ದೀಪದಣ್ಣ ಕಿಟಕಿಯ ಹತ್ತಿರ ಕೂತು ಯಾರದೋ ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಿದ್ದ, ಈಗ ಅದೇ ಜೀವನ. ಅವಳನ್ನು ಕಂಡು ಎದ್ದೇಬಿಟ್ಟ. "ಬಾರಮ್ಮ, ಅಣ್ಣ ಇದಾನೆ ಅನ್ನೋದು ಈಗ ನೆನಪಾಯ್ತಾ?" ಎಂದ. ಆ ಮಾತಿನಲ್ಲಿ ಕೊಂಕಿರಲಿಲ್ಲ, ಅದೇ ಅವಳನ್ನು ಹೆಚ್ಚು ಇರಿಯಿತು. ಚಿತ್ರ ನೋಡಿದೆಯಾ ಎಂದು ಅವಳು ಕೇಳಿದ್ದಕ್ಕೆ, ಆ ಮುಖಗಳನ್ನು ನೋಡಲು ದುಡ್ಡು ಬೇರೆ ಕೊಡಬೇಕೇ ಎಂದ.

ಮಗಳು ಹೇಗಿದ್ದಾಳೆ ಎಂದು ಅತ್ತಿಗೆಯನ್ನು ಕೇಳಿದಳು. ಅತ್ತಿಗೆ ಗಂಡನ ಮುಖ ನೋಡಿದರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಎಲ್ಲವನ್ನೂ ಹೇಳಿದರು. ಕಾಗದದ ವಿಷಯ ಮಾತಾಡಿದ್ದು ಹಳೆಯ ಮನೆಯಲ್ಲಿ, ಅಳಿಯ ಅವತ್ತು ಊಟಕ್ಕೆ ಬಂದಿದ್ದ, ಎಲ್ಲ ಕೇಳಿಸಿಕೊಂಡಿದ್ದ. ಮ್ಯಾನೇಜರ ಕಿವಿಗೆ ಊದಲು ಬೇರೆ ಯಾರಿದ್ದರು? ಕೆಲಸ ಹೋದ ದಿನ ಸಂಜೆ ಆ ಹುಡುಗ ಏನೋ ಹೇಳಬೇಕೆಂದು ಬಾಗಿಲಿಗೆ ಬಂದು ನಿಂತನಂತೆ. ಇವರು ಬಾಯಿ ತೆರೆಯಲೂ ಬಿಡದೆ, ಮನೆಮುರುಕ, ಉಂಡ ಮನೆಯ ಗಳ ಎಣಿಸಿದವನೇ ಎಂದು ಬೀದಿಗೆಲ್ಲ ಕೇಳುವಂತೆ ಬೈದು ಬಾಗಿಲು ಹಾಕಿದರಂತೆ. ಮಗಳು ಗಂಡನ ಹಿಂದೆಯೇ ಹೋದಳು. ಐದು ತಿಂಗಳ ಹಿಂದೆ ಅವಳಿಗೆ ಗಂಡುಮಗುವಾಗಿದೆ. ಇವರು ನೋಡಲು ಹೋಗಲಿಲ್ಲ, ನನ್ನನ್ನೂ ಬಿಡಲಿಲ್ಲ ಎಂದರು ಅತ್ತಿಗೆ.

"ಅವನನ್ನೂ ಓಡಿಸಿದ್ರಂತೆ," ಎಂದ ದೀಪದಣ್ಣ, ತಿರುಪು ತಿರುಗಿಸುತ್ತ. "ಉಪಯೋಗ ಮುಗಿದ ಮೇಲೆ ಯಾರು ಇಟ್ಕೋತಾರೆ."

ಹೆಜ್ಜೆಯಕ್ಕ ಇಷ್ಟು ದಿನ ತನ್ನ ನಾಚಿಕೆಯ ಲೆಕ್ಕ ಮಾತ್ರ ಹಾಕಿದ್ದಳು. ಆ ಹೊರೆಯನ್ನು ಇನ್ನೊಬ್ಬ ಹೊತ್ತು ತಿರುಗುತ್ತಿದ್ದಾನೆ ಎಂಬುದು ಅವಳಿಗೆ ಕನಸಿನಲ್ಲೂ ಬಂದಿರಲಿಲ್ಲ. ಇನ್ನೂ ಸುಮ್ಮನಿದ್ದು ಎದ್ದು ಹೋಗಿಬಿಡಬಹುದಿತ್ತು, ಹೋಗೋಣ ಎಂದು ಒಂದು ಗಳಿಗೆ ಅನ್ನಿಸಿಯೂ ಅನ್ನಿಸಿತು.

"ಅಣ್ಣ, ಅವನಲ್ಲ. ನಾನು," ಎಂದಳು.

ಮೈಕು, ಕಾರಿಡಾರು, ಮ್ಯಾನೇಜರು ತರಿಸಿದ ಚಹಾ, ತಾನು ನಕ್ಕ ನಗು, ಒಂದನ್ನೂ ಬಿಡಲಿಲ್ಲ. ಕೊನೆಯ ದೃಶ್ಯದ ನಡಿಗೆಯನ್ನೂ ಹೇಳಿದಳು. ದೀಪದಣ್ಣ ಕೇಳುತ್ತ ಕೇಳುತ್ತ ಇಸ್ತ್ರಿಪೆಟ್ಟಿಗೆಯನ್ನು ನೆಲಕ್ಕಿಟ್ಟ. ಅತ್ತಿಗೆ ಗೋಡೆ ಹಿಡಿದು ಕೂತರು. ಬೈದಿದ್ದರೆ, ಹೊಡೆದಿದ್ದರೆ ಅವಳಿಗೆ ನೆಮ್ಮದಿಯಾಗುತ್ತಿತ್ತು. ಅವನು ಬೈಯಲಿಲ್ಲ. ಎದ್ದು ಅಂಗಿ ಹಾಕಿಕೊಂಡ.

"ನಡಿ," ಎಂದ. "ಈ ಮಾತನ್ನ ಅಲ್ಲಿ ಬಂದು ಹೇಳು."

ಅತ್ತಿಗೆಯನ್ನು ಮನೆಯಲ್ಲೇ ಬಿಟ್ಟು, ಎರಡು ಬಸ್ಸು ಬದಲಿಸಿ ಹೋದರು. ಬಸ್ಸಿನ ಹಿಂಭಾಗದಲ್ಲಿ ಅದೇ ಚಿತ್ರದ ಪೋಸ್ಟರ್ ಅಂಟಿಸಿದ್ದರು, ಇಬ್ಬರೂ ನೋಡದವರಂತೆ ಹತ್ತಿದರು. ಮಗಳ ಮನೆ ಮೂರನೆಯ ಅಂತಸ್ತಿನಲ್ಲಿತ್ತು. ಒಂದೊಂದು ಮೆಟ್ಟಿಲಿಗೂ ಕೈ ಹಿಡಿಗಂಬಿಗೆ ಆನಿಸಿ, ಬಲಗಾಲನ್ನು ಎತ್ತಿ ಪಕ್ಕಕ್ಕಿಟ್ಟು ದೀಪದಣ್ಣ ಹತ್ತಿದ, ಅವಳು ಹಿಂದೆ ಬಂದಳು. ಮೇಲಿನ ಮನೆಯ ಬಾಗಿಲು ಓರೆಯಾಗಿ ತೆರೆದಿತ್ತು, ಒಳಗೆ ಮಗು ಕುಂಯ್‌ಗುಡುತ್ತಿತ್ತು. ಅವರು ಎರಡನೆಯ ಅಂತಸ್ತು ದಾಟುವಾಗ ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ ಬಿತ್ತು. ಬರುತ್ತಿರುವವರು ಯಾರೆಂದು ಮಗಳು ಇಣುಕಿಯೂ ನೋಡಿರಲಿಲ್ಲ. ಅಪ್ಪನ ಕಾಲಿನ ಸದ್ದು ಅವಳಿಗೂ ಗೊತ್ತಿತ್ತು.

ದೀಪದಣ್ಣ ಬಾಗಿಲು ತಟ್ಟಲು ಕೈಯೆತ್ತಿ, ತಟ್ಟದೆ ಇಳಿಸಿದ. ಹೆಜ್ಜೆಯಕ್ಕ ಬಾಗಿಲಿಗೆ ಬಾಯಿಟ್ಟು ಮಾತಾಡಿದಳು. ನಾನು ನಿನ್ನ ಅತ್ತೆ, ಅಪ್ಪನ ಹೆಸರು ಹೇಳಿದ್ದು ನಾನು, ನಿನ್ನ ಗಂಡನದೇನೂ ತಪ್ಪಿಲ್ಲ ಎಂದಳು. ಮಗಳ ದನಿ ಬಾಗಿಲಿನ ಆಚೆ, ತೀರ ಹತ್ತಿರದಲ್ಲೇ ಕೇಳಿಸಿತು.

"ಅವರಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು ಅತ್ತೆ. ಅಪ್ಪನ್ನ ಗೇಟಿನ ಹೊರಗೆ ನಿಲ್ಲಿಸಿದ್ದು ನೋಡಿ, ಒಳಗೆ ಹೋಗಿ ಕಾರಿನ ಕೀ ಮ್ಯಾನೇಜರ ಮೇಜಿನ ಮೇಲಿಟ್ಟು, ಇನ್ನು ನಾನು ಬರಲ್ಲ ಅಂತ ಹೇಳಿ ಬಂದ್ರು. ಅದನ್ನ ಹೇಳೋಕೇ ಅವತ್ತು ಸಂಜೆ ನಮ್ಮನೆಗೆ ಬಂದಿದ್ದು."

ದೀಪದಣ್ಣ ಗೋಡೆಗೆ ಒರಗಿದ.

"ನಾನು ಅವರ ಮಾತು ಕೇಳಿ ನಂಬಿದೆ," ಎಂದಳು ಮಗಳು. "ಅಪ್ಪಂಗೆ ಸಾಕ್ಷಿ ಬೇಕಾಯ್ತು."

ಚಿಲಕ ತೆಗೆದ ಸದ್ದು ಬರಲಿಲ್ಲ. ಇಬ್ಬರೂ ಅಲ್ಲೇ ನಿಂತು ಕಾದರು. ಒಳಗೆ ಮಗು ಅಳಲು ತೊಡಗಿತು, ಅದನ್ನು ಎತ್ತಿಕೊಂಡು ತಾಯಿ ಬಾಗಿಲಿನಿಂದ ದೂರ ನಡೆದಳು. ಆ ಹೆಜ್ಜೆಗಳು ಒಂದಷ್ಟು ಹೊತ್ತು ಕೇಳಿಸಿ, ಆಮೇಲೆ ಕೇಳಿಸದಾದವು. ಮೆಟ್ಟಿಲಿನಲ್ಲಿ ಯಾರೋ ಪಕ್ಕದ ಮನೆಯವರು ಹತ್ತಿ ಬಂದು, ಯಾರು ಬೇಕಾಗಿತ್ತು ಎಂದು ಕೇಳಿದರು. ದೀಪದಣ್ಣ ಬಲಗಾಲನ್ನು ಎಳೆದು ಪಕ್ಕಕ್ಕಿಟ್ಟು ಅವರಿಗೆ ದಾರಿ ಬಿಟ್ಟ.